ಪಿಸುಮಾತೂ ಬಾಟಲಿ ಗಲ್ಲಿಯೂ ಒಂದೇ ಅಲ್ಲ
ಅರವತ್ತರ ದಶಕದ ಬ್ರೆಜಿಲ್ ಸಂಗೀತದ ಒಂದು ಸಂಗ್ರಹದ ಬಗ್ಗೆ ಬಂದ ಬರಹ ಓದಿ ಖುಷಿಯಾಯ್ತು. ಆದರೆ ಅಲ್ಲಿನ ಕುಣಿತದ ಸಂಗೀತ ಸಾಂಬಾದಿಂದ ಹುಟ್ಟಿದ ಮೆಲುದನಿಯ ಬೋಸಾ ನೋವಾ, ಸಾಂಬಾಗೆ ಜಾಝ್ ಬೆರೆಸಿದ ಸಾಂಬಾ ಜಾಝ್ ಎರಡನ್ನೂ ಅದರಲ್ಲಿ ‘ಹಿತವಾದ ಸಂಜೆ ಸಂಗೀತ’ ಅಂತ ಒಂದೇ ಬುಟ್ಟಿಗೆ ಹಾಕಿದ್ದು ಸರಿ ಅನಿಸಲಿಲ್ಲ. ಬೋಸಾ ನೋವಾದ ಗಾಯಕ ಜೊವಾವ್ ಜಿಲ್ಬೆರ್ಟೊ ಪಕ್ಕದಲ್ಲೇ ಕೂತು ಗುನುಗಿದ ಹಾಗೆ ಹಾಡುತ್ತಿದ್ದರು. ಅವರ ಗಿಟಾರಿನಲ್ಲಿ ಹೆಬ್ಬೆರಳು ಒಂದೇ ಸಮ ತಾಳ ಹಿಡಿದಿದ್ದರೆ, ಉಳಿದ ಬೆರಳುಗಳು ಅದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದವು. ಸಾಂಬಾ ಜಾಝ್ ಹಾಗಲ್ಲ, ಜೋರು ಜಾಸ್ತಿ. ಡ್ರಮ್ಮರ್ ಎಡಿಸನ್ ಮಶಾದೊ ಅವರ 1964ರ ರೆಕಾರ್ಡ್ ಕೇಳಿ. ಸಾಂಬಾದ ನಡೆಯನ್ನು ಸಿಂಬಲ್ ತಟ್ಟೆ ಮೇಲೆ ನುಡಿಸಿ ಹೆಸರಾದವರು ಅವರು. ರಿಯೋದ ಕೋಪಕಬಾನಾದಲ್ಲಿ ಇಂಥವರು ನುಡಿಸುತ್ತಿದ್ದ ಸಣ್ಣ ಗಲ್ಲಿಗೆ ‘ಬಾಟಲಿ ಗಲ್ಲಿ’ ಅಂತಲೇ ಹೆಸರು. ಗಲಾಟೆ ತಡೆಯಲಾರದೆ ಮೇಲಿನ ಮನೆಯವರು ಬಾಟಲಿ ಎಸೆಯುತ್ತಿದ್ದರಂತೆ! ಹಿತವಾದ ಸಂಗೀತಕ್ಕೆ ಯಾರಾದ್ರೂ ಬಾಟಲಿ ಎಸೀತಾರಾ?