ಹತ್ತೂವರೆಗೆ ಸರಿಯಾಗಿ

ತಂಗಿಯ ಮದುವೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕೆಲಸ ವಹಿಸಿಕೊಂಡರು. ನನ್ನ ಪಾಲಿಗೆ ಬಂದದ್ದು ಟೈಮ್‌ಟೇಬಲ್. ಬಂದದ್ದೇನು, ನಾನೇ ಕಿತ್ತುಕೊಂಡೆ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಎಕ್ಸೆಲ್‌ನಲ್ಲಿ ಐದೈದು ನಿಮಿಷಕ್ಕೊಂದು ಸಾಲು. ಹುಡುಗಿ ಕಡೆಯವರಿಗೆ ಹಳದಿ ಬಣ್ಣ, ಹುಡುಗನ ಕಡೆಯವರಿಗೆ ಹಸಿರು, ಫೋಟೋದವರಿಗೆ ನೀಲಿ. "ಉಸಿರಾಡೋಕೆ ಯಾವ ಬಣ್ಣ ಇಟ್ಟಿದ್ದೀಯಾ?" ಎಂದು ತಂಗಿ ಕೇಳಿದಳು. ಮೆಚ್ಚಿಕೊಂಡಳು ಅಂತಲೇ ತಿಳಿದೆ.

ಇಂಥ ಪಟ್ಟಿಯನ್ನು ಹಿಂದಿನಿಂದ ಬರೆಯುತ್ತಾ ಬರಬೇಕು. ಮದುವೆಯ ಹೊತ್ತು ಅಲುಗಾಡುವುದಿಲ್ಲ. ಅಲ್ಲಿಂದ ಒಂದೊಂದೇ ಕೆಲಸ ಕಳೆಯುತ್ತಾ ಬಂದರೆ ಎಷ್ಟಕ್ಕೆ ಏಳಬೇಕು ಅಂತ ಗೊತ್ತಾಗುತ್ತದೆ. 11ಕ್ಕೆ ಮದುವೆ, 10:30ಕ್ಕೆ ಹಾಲ್‌ನಲ್ಲಿರಬೇಕು, 10ಕ್ಕೆ ಕಾರು ಹೊರಡಬೇಕು. ಮೇಕಪ್ ಮಾಡುವವರು ಒಬ್ಬರೇ, ಮಾಡಿಸಿಕೊಳ್ಳುವವರು ಆರು ಜನ, ತಲೆಗೆ 40 ನಿಮಿಷ. ಅಂದರೆ ಮೊದಲನೆಯವರು 6ಕ್ಕೆ ಕುರ್ಚಿಯಲ್ಲಿರಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮೊದಲು ಕೂರುವುದಕ್ಕೆ ಒಬ್ಬರೂ ತಯಾರಿರಲಿಲ್ಲ. "ಈಗಲೇ ಹಚ್ಚಿಸಿಕೊಂಡರೆ ಅಲ್ಲಿಗೆ ಹೋಗೋ ಹೊತ್ತಿಗೆ ಅಳಿಸಿಹೋಗುತ್ತೆ ಕಣೋ" ಎಂದರು ಅತ್ತೆ. ಆರು ಜನಕ್ಕೂ ಕೊನೆಯ ಸರದಿಯೇ ಬೇಕು. 6:25ರ ತನಕ ಕುರ್ಚಿ ಖಾಲಿ.

9:50ಕ್ಕೆ ಎಲ್ಲ ಮುಗಿಯಿತು ಅನ್ನುವಾಗ ಒಂದು ಪಿನ್ನು ಸಿಗಲಿಲ್ಲ. ಒಂದೇ ಒಂದು ಪಿನ್ನು. ಹೊಸ ಬಟ್ಟೆ ಹಾಕಿಕೊಂಡ ಏಳು ಜನ ಮಂಡಿಯೂರಿ ಮಂಚದ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆವು. ಅತ್ತೆ ಮಾತ್ರ ಸುಮ್ನೆ ನಿಂತಿದ್ದರು. ಏನು ಕೇಳಿದರೂ ಬರೀ ಕೈಸನ್ನೆ. ಹನ್ನೆರಡು ನಿಮಿಷವಾದ ಮೇಲೆ ನೋಡಿದರೆ ಪಿನ್ನು ಅವರ ತುಟಿಗಳ ನಡುವೆಯೇ ಇತ್ತು.

ಕೆಲಸಕ್ಕೆ ಬೇಕಾಗುವ ಹೊತ್ತನ್ನು ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಎಂದು ಹೆಸರಿಟ್ಟರು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸುಮಾರು 34 ದಿನದಲ್ಲಿ ಪ್ರಬಂಧ ಮುಗಿಸುತ್ತೇವೆ ಎಂದು ಹೇಳಿ, ಸರಾಸರಿ 55 ದಿನ ದಾಟಿಸಿದರು. ಅವರೆಲ್ಲ ಒಬ್ಬೊಬ್ಬರೇ ಕೂತು ಬರೆದವರು. ಪಕ್ಕದಲ್ಲಿ ನಮ್ಮ ಅತ್ತೆ ಇರಲಿಲ್ಲ.

ಮದುವೆಯೇನೋ 11ಕ್ಕೇ ಆಯಿತು, ಹೇಗೆ ಅಂತ ಕೇಳಬೇಡಿ. ಊಟವೂ ಹೊತ್ತಿಗೆ ಸರಿಯಾಗಿ ಶುರುವಾಯಿತು. ಅದಕ್ಕೆ ಯಾರಿಗೂ ಪಟ್ಟಿ ಬೇಕಾಗಲಿಲ್ಲ.

ನಾನು ಮುಗ್ಗರಿಸಿದ್ದು ಗ್ರೂಪ್ ಫೋಟೋದಲ್ಲಿ. ಹದಿನಾಲ್ಕು ಗುಂಪು, ಗುಂಪಿಗೆ ಎರಡು ನಿಮಿಷ, ಒಟ್ಟು 28. ಎರಡು ನಿಮಿಷ ಉದಾರವಾಗಿಯೇ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಫೋಟೋ ತೆಗೆಯೋಕೆ ಅಷ್ಟು ಸಾಕು, ನಿಜ. ಜನ ಸೇರೋಕೆ? ಎಂಟು ಜನ ನಿಂತರೆ ಒಂಬತ್ತನೆಯವರು ಕೈ ತೊಳೆಯೋಕೆ ಹೋಗಿರುತ್ತಾರೆ. ಅವರನ್ನು ಕರೆಯಲು ಮಾವ ಹೋಗುತ್ತಾರೆ. ಅವರು ಬರುತ್ತಾರೆ, ಮಾವ ಬರುವುದಿಲ್ಲ. ದಾರಿಯಲ್ಲಿ ಯಾರೋ ಹಳೇ ಗೆಳೆಯ ಸಿಕ್ಕಿರುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲಿನ ಮಗು ನಿದ್ದೆ ಹೋಗಿ, ಅದರ ತಾಯಿ ಮಲಗಿಸೋಕೆ ಒಳಗೆ ಹೊರಟಿರುತ್ತಾಳೆ. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ನಾನು 25 ಪ್ರತಿ ಪ್ರಿಂಟ್ ಹಾಕಿಸಿ ಹಂಚಿದ್ದ ಟೈಮ್‌ಟೇಬಲ್‌ನಿಂದ ಹಿಂದಿನ ಸಾಲಿನವರೆಲ್ಲ ಗಾಳಿ ಬೀಸಿಕೊಳ್ಳುತ್ತಿದ್ದರು.

ಕೊನೆಯ ಗುಂಪು ನಮ್ಮ ಮನೆಯವರದ್ದು. ಚಿಕ್ಕಪ್ಪ ಕಾಣಲಿಲ್ಲ. ಈ ಸಲ ಬೇರೆ ಯಾರನ್ನೂ ಕಳಿಸುವುದಿಲ್ಲ ಎಂದು ಹೇಳಿ ನಾನೇ ಓಡಿದೆ.

ಆ ಫೋಟೋ ಈಗ ಗೋಡೆಯ ಮೇಲಿದೆ. ಎಲ್ಲರೂ ಚೆನ್ನಾಗಿ ಬಂದಿದ್ದಾರೆ. ಎಡಗಡೆಯ ತುದಿಯಲ್ಲಿ ಚಿಕ್ಕಪ್ಪ ಹಲ್ಲು ಬಿಟ್ಟು ನಗುತ್ತಿದ್ದಾರೆ. ನಾನು ಆಗ ಪಾರ್ಕಿಂಗ್‌ನಲ್ಲಿ ಅವರನ್ನು ಹುಡುಕುತ್ತಿದ್ದೆ.