ತಂಬುಳಿ ಸತ್ತು ಸ್ಮೂದಿಯಾಗಿ ಹುಟ್ಟಿತು

ನೀವೂ ನೋಡಿರುತ್ತೀರಿ. ಈಗ ಯಾವ ಆರೋಗ್ಯ ಶಿಬಿರಕ್ಕೆ ಹೋದರೂ ಕೊನೆಗೆ ಒಂದು ಮಿಕ್ಸಿ ಹೊರಬರುತ್ತದೆ. ಮೊನ್ನೆ ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದ ಹತ್ತಿರದ ಶಿಬಿರದಲ್ಲೂ ಬಂತು. ಅಂಗಳದ ಸೊಪ್ಪಿನಿಂದ ಮನೆಮಂದಿಗೆಲ್ಲ ಬೆಳಗಿನ ಸ್ಮೂದಿ ಮಾಡುವುದು ಹೇಗೆ ಎಂಬ ವಿಷಯ. ವೇದಿಕೆಯಲ್ಲಿ ಏಳು ಜನ, ಮಿಕ್ಸಿ ಒಂದು. ಏಳು ಜನವೂ ಮಾತಾಡಿ ಮುಗಿಸಿದರು. ಮಿಕ್ಸಿಯ ಸರದಿ ಬಂದಾಗ ಕರೆಂಟು ಹೋಯಿತು.

ಕಾಯುವಾಗ ಓದಲಿಕ್ಕೆ ಕರಪತ್ರ ಕೊಟ್ಟರು. ಪೂರ್ತಿ ಮಲಯಾಳದಲ್ಲಿ. ಕೂತವರಲ್ಲಿ ಮುಕ್ಕಾಲು ಪಾಲು ಕನ್ನಡ, ತುಳು ಮಾತಾಡುವವರು. ಇರಲಿ, ಇದು ಹಳೆ ಕಥೆ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಡೆದು ಬಂದದ್ದು. ನನ್ನ ಅಮ್ಮನಿಗೆ ಮಲಯಾಳ ಬರುವುದಿಲ್ಲ. ಶಾಲೆಯಲ್ಲಿ ಕಲಿಯುತ್ತಿರುವ ಮಗಳು ಓದಿ ಹೇಳಿದಳು, "ಅಜ್ಜಿ, ದಿನಾ ಬೆಳಿಗ್ಗೆ ಚೀರ ಅಂತ ಉಂಟು."

"ಅದನ್ನು ಇವರು ಬಂದು ಹೇಳಬೇಕಾ? ಚಾ ತಡವಾದರೆ ನಿನ್ನ ಅಪ್ಪ ದಿನಾ ಚೀರುವುದೇ ಅಲ್ವಾ?" ಎಂದಳು ಅಮ್ಮ.

ಚೀರ ಅಂದರೆ ನಮ್ಮ ಹರಿವೆ ಮಾರಾಯ್ರೇ. ಬಸಳೆಯೂ ಅವರಿಗೆ ವಳ್ಳಿಚೀರ.

ಕರೆಂಟು ಬಂತು. ಮೊದಲು ಒಂದೆಲಗ ಹಾಕಿದರು. ತುಳುವಿನ ತಿಮರೆ. ನಮ್ಮ ಮನೆಗಳಲ್ಲಿ ಇದಕ್ಕೆ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ತೆಂಗಿನತುರಿ ಜತೆ ಅರೆದು, ಮಜ್ಜಿಗೆ ಸೇರಿಸುತ್ತಾರೆ. ಹೆಸರು ತಂಬುಳಿ. ಅದನ್ನು ಉಂಡವರು ಹಳ್ಳಿಯವರು. ಅದೇ ಸೊಪ್ಪಿಗೆ ಬಾಳೆಹಣ್ಣು, ಖರ್ಜೂರ, ಒಂದು ಚಮಚ ಚಿಯಾ ಬೀಜ ಹಾಕಿ ಗಾಜಿನ ಲೋಟಕ್ಕೆ ಸುರಿದರೆ ಸ್ಮೂದಿ. ಅದನ್ನು ಕುಡಿದವರು ಆರೋಗ್ಯದ ಬಗ್ಗೆ ಅರಿವು ಇರುವವರು. ಚಿಯಾ ಎಂದರೆ ನಮ್ಮ ಕಾಮಕಸ್ತೂರಿಯ ದೂರದ ನೆಂಟ, ಅಷ್ಟೆ. ವಿದೇಶದಲ್ಲಿದ್ದ ನೆಂಟರಿಗೆ ಮರ್ಯಾದೆ ಜಾಸ್ತಿ.

ಬೆಳಗ್ಗಿನ ತೆಳ್ಳವು, ಅಂದರೆ ತೆಳು ದೋಸೆ, ಬಿಡಬೇಕಂತೆ. ಬಿಡುತ್ತೇವೆ. ಬೆಲ್ಲ, ತೆಂಗಿನಕಾಯಿ ಇಟ್ಟುಕೊಂಡು ಎಂಟು ತೆಳ್ಳವು ತಿಂದವನು ಒಂದು ಲೋಟ ಹಸಿರು ಕುಡಿದು ಅಡಿಕೆ ತೋಟಕ್ಕೆ ಇಳಿಯಲಿ. ಹತ್ತು ಗಂಟೆಗೆ ಅವನು ಮರದ ಬುಡದಲ್ಲಿ ಸಿಗುತ್ತಾನೆ.

ಆಮೇಲೆ ಅವರು ಚಕ್ರಮುನಿ ಎತ್ತಿಕೊಂಡರು. ಬೇಲಿಗೆ ನೆಡುತ್ತೇವಲ್ಲ, ಕೆಲವರು ವಿಟಮಿನ್ ಸೊಪ್ಪು ಅನ್ನುತ್ತಾರೆ, ಅದೇ. ಬೇಯಿಸಿ ಆಗಾಗ ಪಲ್ಯ ಮಾಡುವುದು ನಮ್ಮ ಕ್ರಮ. ಇವರು ಹಸಿಯಾಗಿ ಹಿಡಿಗಟ್ಟಲೆ ಹಾಕಿದರು, ದಿನಾ ಕುಡಿಯಿರಿ ಎಂದರು. ನಾನು ಸುಮ್ನೆ ಕೂರಬೇಕಿತ್ತು, ಕೂರಲಿಲ್ಲ. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಆಸೆಗೆ ಇದೇ ಸೊಪ್ಪಿನ ಹಸಿ ರಸ ವಾರಗಟ್ಟಲೆ ಕುಡಿದವರ ಶ್ವಾಸಕೋಶ ಕೆಟ್ಟಿತ್ತು. ಕೆಲವರಿಗೆ ಬೇರೆ ಶ್ವಾಸಕೋಶ ಹಾಕಬೇಕಾಯಿತು. ಎದ್ದು ಹೇಳಿದೆ.

"ಇದು ನ್ಯಾಚುರಲ್ ಅಲ್ವಾ ಸಾರ್?"

ಹೌದು. ಕಾಸರಕದ ಕಾಯಿಯೂ ನ್ಯಾಚುರಲ್. ನಮ್ಮ ಜಿಲ್ಲೆಗೆ ಆ ಮರದಿಂದಲೇ ಹೆಸರು ಬಂತು ಅನ್ನುವವರಿದ್ದಾರೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಮುಂದಿನ ಶಿಬಿರಕ್ಕೆ ಅದನ್ನೂ ತನ್ನಿ, ಊರಿನ ಹೆಸರಿನಲ್ಲೇ ಒಂದು ಸ್ಮೂದಿ ಆಗಲಿ.

ಸಭೆ ನಕ್ಕಿತು, ನಾನೂ ನಕ್ಕೆ. ಆಗ ಒಬ್ಬರು ಲೋಟ ಎತ್ತಿ ಹಿಡಿದು ಹೇಳಿದರು, "ಮನೆಯಂಗಳದಲ್ಲೇ ಬೆಳೆದದ್ದು, ಒಂದು ತೊಟ್ಟು ವಿಷ ಇಲ್ಲ."

ಇದನ್ನು ಹೇಳಲಿಕ್ಕೆ ಎಣ್ಮಕಜೆಯೇ ಬೇಕಿತ್ತಾ? ಈ ಪಂಚಾಯತಿನಲ್ಲಿ ಸ್ವರ್ಗ ಎಂಬ ಊರಿದೆ. ಅಲ್ಲಿನವರೂ ಅಂಗಳದಲ್ಲೇ ಬಸಳೆ ಬೆಳೆದಿದ್ದರು. ಬಾವಿ ತೆರೆದೇ ಇತ್ತು. ಗುಡ್ಡದ ಮೇಲಿನ ಸರಕಾರಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಒಂದು ಸಲ ಅಲ್ಲ, ಎರಡು ದಶಕದಷ್ಟು ಕಾಲ, 2000ದವರೆಗೆ. ಗೇರಿಗೆ ಬೀಳುವ ಮದ್ದಿಗೆ ಬಸಳೆ ಚಪ್ಪರ ಯಾವುದು, ತೊಟ್ಟಿಲು ಯಾವುದು ಎಂದು ಗೊತ್ತಾಗುತ್ತದಾ? ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2011ರಲ್ಲಿ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ, ಮೂರೇ ತಿಂಗಳಲ್ಲಿ ಕೊಡಿ ಎಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ. 2022ರಲ್ಲೂ ಅದೇ ಕೋರ್ಟು ಹಣ ಎಲ್ಲಿ ಎಂದು ಕೇಳುತ್ತಿತ್ತು. ಮಗನಿಗೆ ಮೂವತ್ತಾದರೂ ಎತ್ತಿಕೊಂಡೇ ಸ್ನಾನ ಮಾಡಿಸುವ ತಾಯಂದಿರು ಇಲ್ಲಿದ್ದಾರೆ. ಅವರಿಗೆ ಸೊಪ್ಪಿನ ಪಾಠ ಮಾಡುತ್ತೀರಾ? ಆಗ ಎಲ್ಲಿತ್ತು ನಿಮ್ಮ ಮಿಕ್ಸಿ?

ಇದನ್ನು ನಾನು ಅಲ್ಲಿ ಹೇಳಲಿಲ್ಲ. ಸಾಕಾಗಿದೆ. ಫೋಟೋ ತೆಗೆಯುವಾಗ ಲೋಟ ಹಿಡಿದು ನಿಂತೆ.

ಉಳಿದ ಸ್ಮೂದಿಯನ್ನು ಬಾಟಲಿಗೆ ತುಂಬಿಸಿ ಕೊಟ್ಟರು, ಚಕ್ರಮುನಿ ಇಲ್ಲದ್ದು ನೋಡಿ ತಂದೆ. ಮನೆಗೆ ಬಂದು ಅಮ್ಮ ಮುಚ್ಚಳ ತೆಗೆದು ಮೂಸಿದಳು.

"ಒಳ್ಳೆ ತಿಮರೆ. ಬಾಳೆಹಣ್ಣು ಹಾಕಿ ಹಾಳು ಮಾಡಿದ್ದಾರೆ. ಇಲ್ಲದಿದ್ದರೆ ಮಜ್ಜಿಗೆಯಾದರೂ ಹೊಯ್ಯಬಹುದಿತ್ತು."