ಅವ್ವನಿಗೆ ದಂತ ಎಲ್ಲಿಂದ ಬಂತು ಮಿಸ್?

ನವೆಂಬರ್ ಬಂತೆಂದರೆ ನನ್ನಂಥ ಮಕ್ಕಳ ಲೇಖಕರಿಗೆ ಸುಗ್ಗಿ. 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನಾಚರಣೆ, ಮಿಕ್ಕ ದಿನಗಳಲ್ಲಿ 1ಕ್ಕೆ ಮಾಡಲಾಗದವರ ರಾಜ್ಯೋತ್ಸವ. ವರ್ಷವೆಲ್ಲ ಯಾರಿಗೂ ನೆನಪಾಗದ ನಾವು ಆ ತಿಂಗಳು ಮಾತ್ರ ಎಲ್ಲರಿಗೂ ಬೇಕು. ಶಾಲುಗಳು ಜಾಸ್ತಿಯಾಗಿ ಬೀರು ಬಾಗಿಲು ಹಾಕಲು ಬರುವುದಿಲ್ಲ. ದೊಡ್ಡ ಸಾಹಿತಿಗಳನ್ನು ಕರೆಸಿದರೆ ಕಾರು ಕಳಿಸಬೇಕು, ಅವರು ಏನಾದರೂ ಹೇಳಿಬಿಟ್ಟರೆ ಮರುದಿನದ ಪೇಪರ್‌ಗೆ ಹೆದರಬೇಕು. ನಮ್ಮಿಂದ ಅಂಥ ತಾಪತ್ರಯ ಇಲ್ಲ. ಬಸ್ ಹತ್ತಿ ಬರುತ್ತೇವೆ, ಕಾಗೆ ಗುಬ್ಬಿ ವಿಷಯ ಮಾತಾಡುತ್ತೇವೆ, ಹೋಗುತ್ತೇವೆ.

ಕಾಡಾನೆಗಳಿಗೂ ಅದೇ ತಿಂಗಳು ಸುಗ್ಗಿ ಅನ್ನೋದು ಗೊತ್ತಾದದ್ದು ಹೆಗ್ಗಡದೇವನಕೋಟೆ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋದ ಮೇಲೆ. ಕಾಡಂಚಿನ ಊರು. ಹೊಲದಲ್ಲಿ ರಾಗಿ ತೆನೆ ಬಲಿತು ನಿಂತಿತ್ತು. ಊರಿನವರೆಲ್ಲ ಆಕಳಿಸುತ್ತಿದ್ದರು. ನನ್ನ ಸ್ವಾಗತಕ್ಕೆ ಬಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಆಕಳಿಸಿದರು. ನಾನಿನ್ನೂ ಮಾತು ಶುರು ಮಾಡಿರಲಿಲ್ಲ, ಆದ್ದರಿಂದ ಇದಕ್ಕೆ ಬೇರೇನೋ ಕಾರಣ ಇರಬೇಕು ಅಂದುಕೊಂಡೆ.

ನಲಿಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ಇದೇ ಕೋಟೆ ತಾಲ್ಲೂಕಿನಲ್ಲಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಮಾತಾಡುತ್ತಾ ಕಲಿಯುತ್ತಾರೆ. ನಮ್ಮ ಕಾಲದ ಹಾಗೆ ಕೈಕಟ್ಟಿ ಬಾಯಿ ಮುಚ್ಚಿ ಕೂರುವ ಅಭ್ಯಾಸ ಈ ಮಕ್ಕಳಿಗಿಲ್ಲ. ಕೇಳುವುದಕ್ಕೆ ಬಹಳ ಚೆನ್ನಾಗಿದೆ, ಅಲ್ವಾ? ಕಥೆ ಹೇಳಲು ಎದ್ದು ನಿಂತಾಗ ಗೊತ್ತಾಗುತ್ತದೆ.

ಮೊದಲು ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ. ಹೆಡ್‌ಮಾಸ್ಟ್ರು ನನ್ನ ಪರಿಚಯ ಮಾಡುತ್ತಾ ನಾನು ಬರೆಯದ ಕಾದಂಬರಿಗಳನ್ನೆಲ್ಲ ಹೊಗಳಿದರು. ಮೈಸೂರು ಪೇಟ ತೊಡಿಸಿದರು. ಅದು ಕಣ್ಣಿನ ಮೇಲಕ್ಕೇ ಇಳಿಯಿತು. ಮಕ್ಕಳು ಮಳೆ ಚಪ್ಪಾಳೆ ಹೊಡೆದರು. ಒಂದು ಬೆರಳಿನಿಂದ ಶುರುವಾಗಿ ಐದು ಬೆರಳಿಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಚಪ್ಪಾಳೆ. ನನ್ನ ಭಾಷಣಗಳಿಗೆ ಮಾಮೂಲಿ ಬೀಳುವುದು ಕೊನೆಯ ಭಾಗ ಮಾತ್ರ. ಇಷ್ಟೆಲ್ಲ ಮುಗಿಯುವಾಗ ಅಡುಗೆಮನೆಯಿಂದ ಬಿಸಿಯೂಟದ ಸಾಂಬಾರಿನ ಒಗ್ಗರಣೆ ಘಮ ಬರತೊಡಗಿತು. ಒಗ್ಗರಣೆ ಎದುರು ಗೆದ್ದ ಸಾಹಿತ್ಯ ಯಾವ ಭಾಷೆಯಲ್ಲೂ ಇರಲಾರದು.

ನನ್ನ ಕಥೆ ಹೀಗಿದೆ. ಚಿನ್ನು ಎಂಬ ಮರಿಯಾನೆ ಅಮ್ಮನ ಕಣ್ಣು ತಪ್ಪಿಸಿ ರಾತ್ರಿ ಊರಿಗೆ ಬರುತ್ತದೆ. ಊರ ಮಕ್ಕಳ ಜೊತೆ ಚೆಂಡಾಡುತ್ತದೆ. ಅಮ್ಮ ಊಟದ ಬುತ್ತಿ ಹಿಡಿದು ಹುಡುಕಿಕೊಂಡು ಬಂದಾಗ ಎಲ್ಲರಿಗೂ ಟಾಟಾ ಮಾಡಿ ಹೋಗುತ್ತದೆ. ಬೆಂಗಳೂರಿನ ಶಾಲೆಗಳಲ್ಲಿ ಇದು ಎಂದೂ ಸೋತಿಲ್ಲ. ಒಬ್ಬ ತಾಯಿ ಕಣ್ಣೊರೆಸಿಕೊಂಡದ್ದೂ ಉಂಟು.

"ಒಂದು ರಾತ್ರಿ, ಕಾಡಿನಿಂದ ಒಂದು ಪುಟಾಣಿ ಮರಿಯಾನೆ ತಾನೊಂದೇ ಊರಿಗೆ ಬಂತು" ಅಂದೆ. ಇಲ್ಲಿ ಮಕ್ಕಳು 'ಓ' ಅನ್ನಬೇಕು. ಅದಕ್ಕಾಗಿ ತಡೆದೆ.

"ಮರಿ ಒಂದೇ ಬರಲ್ಲ ಮಿಸ್" ಅಂತ ಕಿಟಕಿ ಪಕ್ಕದಿಂದ ಒಂದು ದನಿ. ಎರಡನೇ ತರಗತಿ ಇರಬೇಕು, ಮುಂದಿನ ಹಲ್ಲು ಬಿದ್ದಿತ್ತು. "ಮರಿ ಬಂದ್ರೆ ಅವ್ವ, ಚಿಕ್ಕವ್ವ, ಅಜ್ಜಿ ಎಲ್ಲ ಬತ್ತವೆ. ಒಂಟಿಯಾಗಿ ಬರೋದು ಸಲಗ."

"ಈ ಮರಿ ಅಮ್ಮನಿಗೆ ಹೇಳದೆ ಬಂದಿತ್ತು ಪುಟ್ಟಾ."

"ಕಂದಕ ಹೆಂಗೆ ದಾಟ್ತು?"

ನನ್ನ ಕಥೆಯಲ್ಲಿ ಕಂದಕ ಇರಲಿಲ್ಲ. ಕಾಡು ಇತ್ತು, ಊರು ಇತ್ತು, ನಡುವೆ ಚಂದಿರ ಇದ್ದ. ನಾನು ತಡವರಿಸುವುದನ್ನು ನೋಡಿ ಒಬ್ಬಳು ಹುಡುಗಿ ಪಾಪ ಅಂದುಕೊಂಡಳೇನೋ, ನನ್ನ ಪರವಾಗಿ ಉತ್ತರ ಕೊಟ್ಟಳು. "ಮಳೇಲಿ ಮಣ್ಣು ಕುಸ್ದಿತ್ತು, ಅಲ್ವಾ ಮಿಸ್?"

"ಹೌದು ಹೌದು, ಕುಸಿದಿತ್ತು."

"ರೈಲು ಕಂಬಿ ಬೇಲಿ?"

"ಮರಿ ಅಲ್ವೇನೋ, ಕಂಬಿ ಕೆಳಗೆ ನುಸೀತದೆ."

"ಸೋಲಾರ್ ತಂತಿ?"

"ಅದರ ಮೇಲೆ ಮರ ಉರುಳ್ಸಿ ಬತ್ತವೆ ಕಣೋ. ನಮ್ಮ ಹೊಲಕ್ಕೆ ಹಂಗೇ ಬಂದಿದ್ದು."

ಎರಡು ಗುಂಪಾಯಿತು. ಮರಿಯ ಕೈಯಲ್ಲಿ ಮರ ಉರುಳಿಸಲು ಆಗುತ್ತದೋ ಇಲ್ಲವೋ ಅಂತ ಜೋರು ಚರ್ಚೆ. ನಾನು ಪೇಟ ಸರಿ ಮಾಡಿಕೊಳ್ಳುತ್ತಾ ನಿಂತಿದ್ದೆ. ಅಷ್ಟು ಹೊತ್ತಿಗೆ ನನ್ನ ಕಥೆಯ ಮೊದಲ ವಾಕ್ಯ ಮುಗಿದಿತ್ತು.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಗೋಡೆಗೊರಗಿ ನಿದ್ದೆ ಹೋಗಿದ್ದ. ಕಥೆಗಾರರಿಗೆ ಇದಕ್ಕಿಂತ ಅವಮಾನ ಇಲ್ಲ. "ಅವನು ರಾತ್ರಿ ಅವರಪ್ಪನ ಜೊತೆ ಅಟ್ಟಣೆ ಮೇಲಿದ್ದ ಮಿಸ್, ಆನೆ ಕಾಯಕ್ಕೆ" ಅಂದ ಪಕ್ಕದವನು. ಊರೆಲ್ಲ ಆಕಳಿಸುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ರಾತ್ರಿಯಿಡೀ ನಿಜವಾದ ಆನೆಗೆ ಎದ್ದಿದ್ದವನನ್ನು ಹಗಲು ನನ್ನ ಆನೆಗಾಗಿ ಎಬ್ಬಿಸುವುದು ನ್ಯಾಯವಲ್ಲ ಅನ್ನಿಸಿ ಬಿಟ್ಟೆ.

ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಕು, ಮಕ್ಕಳ ಗಮನ ವಾಪಸ್ ಬರುತ್ತದೆ ಅಂತ ತರಬೇತಿ ಶಿಬಿರಗಳಲ್ಲಿ ನಾನೇ ಮೇಷ್ಟ್ರುಗಳಿಗೆ ಹೇಳಿಕೊಟ್ಟಿದ್ದೇನೆ. "ಮುಂದೇನಾಯ್ತು? ಯಾರು ಹೇಳ್ತೀರಾ?" ಅಂದೆ. ಹಿಂದಿನಿಂದ ಒಂದು ಬೆರಳು ಎದ್ದಿತು. ಖುಷಿಯಾಯಿತು. "ಬಾ ಪುಟ್ಟಾ, ಮುಂದೆ ಬಂದು ಎಲ್ಲರಿಗೂ ಕೇಳೋ ಹಾಗೆ ಹೇಳು" ಅಂತ ಕರೆದೆ. ಅವನು ನಾಚಿಕೊಂಡೇ ಬಂದ. ಮೈಕು ಕೊಟ್ಟೆ.

"ಒಂದಕ್ಕೆ ಮಿಸ್" ಅಂದ ಮೈಕಿನಲ್ಲಿ.

ಇದು ಅಂಟುರೋಗ ಅಂತ ಗೊತ್ತಿರುವವರಿಗೆ ಗೊತ್ತು. ಮರುಕ್ಷಣ ಅರ್ಧ ಕೋಣೆಯ ಬೆರಳು ಮೇಲಿತ್ತು.

ಅವರೆಲ್ಲ ಹೋಗಿ ಬಂದ ಮೇಲೆ ಕೊನೆಯ ಅಸ್ತ್ರ ತೆಗೆದೆ. ಪುಸ್ತಕದ ಚಿತ್ರ. ಎರಡು ಪುಟದ ತುಂಬ ಅಮ್ಮ ಆನೆ. ಉದ್ದನೆಯ ಬಿಳೀ ದಂತ, ಆ ದಂತಕ್ಕೆ ನೇತುಹಾಕಿದ ಬುತ್ತಿ. ಎಲ್ಲರೂ ಮುಂದಕ್ಕೆ ಬಗ್ಗಿದರು. ಗೆದ್ದೆ ಅಂದುಕೊಂಡೆ.

"ಅವ್ವನಿಗೆ ದಂತ ಎಲ್ಲಿಂದ ಬಂತು ಮಿಸ್?"

ಮತ್ತೆ ಅದೇ ಹಲ್ಲಿಲ್ಲದವನು. ನಮ್ಮ ಕಾಡಿನ ಹೆಣ್ಣಾನೆಗೆ ಉದ್ದನೆಯ ದಂತ ಇರುವುದಿಲ್ಲ ಅನ್ನೋದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಿಸಿಯೂಟಕ್ಕೆ ಎಷ್ಟು ಜನ ಅಂತ ಕೇಳಲು ಬಂದ ಅಡುಗೆ ಅಕ್ಕನೂ ಬಗ್ಗಿ ನೋಡಿ ನಕ್ಕು ಹೋದರು. ನಾನು ಸುಮ್ನೆ ಬಿಡಲಿಲ್ಲ.

"ಇದು ಆಫ್ರಿಕಾದ ಆನೆ. ಅಲ್ಲಿ ಹೆಣ್ಣಿಗೂ ದಂತ ಇರುತ್ತೆ."

"ಆಫ್ರಿಕಾ ಆನೆಗೆ ಕಿವಿ ಮೊರದಗಲ ಇರ್ತದೆ. ಮೈಸೂರು ಜೂನಲ್ಲಿ ನೋಡಿವ್ನಿ. ಇದ್ರದ್ದು ಸಣ್ಣದು."

"ಚಿತ್ರ ಬರೆದವರು ಬೇರೆಯವರು" ಅಂತ ಹೇಳಿ ಜಾರಿಕೊಂಡೆ. ಅದು ನಿಜವೂ ಹೌದು.

ಆಮೇಲೆ ಕಥೆ ನನ್ನ ಕೈಯಲ್ಲಿರಲಿಲ್ಲ. ಮೊದಲು ಹೆಸರು ಹೋಯಿತು. ಚಿನ್ನು ಅನ್ನೋದು ಬೆಕ್ಕಿನ ಹೆಸರಂತೆ. ಒಂದಿಬ್ಬರು ಅಭಿಮನ್ಯು ಅಂದರು. ಒಬ್ಬಳು ಎದ್ದು ನಿಂತು "ಅರ್ಜುನ" ಅಂದಳು, ಎಲ್ಲರೂ ಹೂಂ ಅಂದರು. ಇದೇ ತಾಲ್ಲೂಕಿನ ಬಳ್ಳೆ ಶಿಬಿರದಲ್ಲಿದ್ದ ಅರ್ಜುನ, 750 ಕೆಜಿ ಅಂಬಾರಿಯನ್ನು ಎಂಟು ದಸರಾದಲ್ಲಿ ಹೊತ್ತವನು, 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯಲು ಹೋಗಿ ಸಲಗದ ಜೊತೆ ಕಾದಾಡಿ ಸತ್ತವನು. ಈ ಹೆಸರಿಗೆ ನಾನೂ ತಕರಾರು ತೆಗೆಯಲಿಲ್ಲ.

ಕಥೆಯ ಕೊನೆಯಂತೂ ಪೂರ್ತಿ ಅವರದ್ದೇ. ಚೆಂಡಾಟ ತೆಗೆದು ಹಾಕಿದರು. ಊರವರು ತಮಟೆ ಬಡಿದರು, ಪಟಾಕಿ ಹೊಡೆದರು, ಜೀಪು ಬಂತು. ಅರ್ಜುನನೂ ಅವರಮ್ಮನೂ ಕಾಡಿಗೆ ಹೋದರು. ಟಾಟಾ ಮಾಡಲಿಲ್ಲ. ಇಲ್ಲಿಗೆ ಮುಗಿಯಿತಲ್ಲ ಅಂದುಕೊಂಡು ನಾನು ಚಪ್ಪಾಳೆಗೆ ಕೈ ಎತ್ತಿದೆ. ಮುಗಿದಿರಲಿಲ್ಲ. ಬೆಳಗ್ಗೆ ಪರಿಹಾರದ ಅರ್ಜಿಗೆ ತುಳಿದ ರಾಗಿಯ ಫೋಟೋ ತೆಗೆಯಬೇಕು. ಹೊಲದ ಪಹಣಿ ಬೇಕು. ಆಧಾರ್ ಕಾರ್ಡು, ಪಾಸ್‌ಬುಕ್ಕು, ಎರಡಕ್ಕೂ ಜೆರಾಕ್ಸ್ ಬೇಕು. ಪಹಣಿ ತಾತನ ಹೆಸರಲ್ಲಿದ್ದರೆ ಏನು ಮಾಡಬೇಕು ಅಂತ ಮೂರನೇ ತರಗತಿಯ ಒಬ್ಬ ನನ್ನನ್ನೇ ಕೇಳಿದ. ಮಕ್ಕಳ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಯಾರೂ ಉತ್ತರ ಬರೆದಿಲ್ಲ. ಹೆಡ್‌ಮಾಸ್ಟ್ರು ಎದ್ದು ಬಂದು ವಿವರವಾಗಿ ಹೇಳಿದರು. ಆ ದಿನ ಮಕ್ಕಳು ಸದ್ದಿಲ್ಲದೆ ಕೇಳಿದ್ದು ಅದೊಂದನ್ನೇ.

ಗಂಟೆ ಹೊಡೆಯಿತು. ತಟ್ಟೆ ಹಿಡಿದು ನಾನೂ ಅವರ ಸಾಲಿನಲ್ಲಿ ಕೂತೆ. ಅನ್ನ, ಸಾಂಬಾರು, ಮೊಟ್ಟೆ. ಬೇಡ ಅಂದವರಿಗೆ ಬಾಳೆಹಣ್ಣು. ಪಕ್ಕದಲ್ಲಿ ಕೂತ ಹುಡುಗಿ ಮೊಟ್ಟೆಯನ್ನು ಕೊನೆಗೆ ಉಳಿಸಿಕೊಂಡು ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಕುವೆಂಪು ಅವರಿಂದ ಕಂಬಾರರ ತನಕ ನಮ್ಮ ಎಂಟು ಜ್ಞಾನಪೀಠದವರ ಫೋಟೋ ಸಾಲಾಗಿತ್ತು.

"ಇದ್ರಲ್ಲಿ ನೀವು ಯಾವ್ದು ಮಿಸ್?"

"ನಾನು ಇದರಲ್ಲಿ ಇಲ್ಲಮ್ಮ."

ಅವಳು ಸ್ವಲ್ಪ ಯೋಚಿಸಿದಳು. "ಮತ್ತೆ ಪೇಟ ಯಾಕೆ ಹಾಕಿದ್ರು?"

ಮೊಟ್ಟೆ ತಿಂದೆ.

ವಾಪಸ್ ಬರುವಾಗ ಬಸ್ಸಿನಿಂದಲೇ ಕಲಾವಿದರಿಗೆ ಫೋನ್ ಮಾಡಿದೆ. ಮರುಮುದ್ರಣದಲ್ಲಿ ಅಮ್ಮನ ದಂತ ತೆಗೆಯಬೇಕು ಅಂದೆ.

"ದಂತ ತೆಗೆದ್ರೆ ಬುತ್ತಿ ಎಲ್ಲಿಗೆ ನೇತುಹಾಕ್ಲಿ ಮೇಡಂ?"

"ಸೊಂಡಿಲಲ್ಲಿ ಹಿಡಿಸಿ."

"ಸೊಂಡಿಲಲ್ಲಿ ಛತ್ರಿ ಇದೆ. ನೀವೇ ಕೇಳಿದ್ದು." ಸ್ವಲ್ಪ ತಡೆದು, "ಒಂದು ಕೆಲಸ ಮಾಡೋಣ. ಚಿತ್ರ ಹಾಗೇ ಇರಲಿ, ಅಮ್ಮ ಅಂತ ಇರೋ ಕಡೆಯೆಲ್ಲ ಅಪ್ಪ ಅಂತ ಮಾಡಿಬಿಡಿ" ಅಂದರು.

ಹಲ್ಲಿಲ್ಲದವನ ಮುಖ ಕಣ್ಣ ಮುಂದೆ ಬಂತು. "ಆಗಲ್ಲ, ಗಂಡಾನೆ ಸಂಸಾರದ ಜೊತೆ ಇರೋದೇ ಇಲ್ಲ. ಯಾವಾಗ್ಲೂ ಹೊರಗಡೇನೇ ಸುತ್ತುತ್ತಿರುತ್ತೆ" ಅಂದೆ.

"ನಾನೂ ಹಾಗೇ ಅಂತಾರೆ ಮನೇಲಿ" ಅಂದರು ಕಲಾವಿದರು. "ಆದ್ರೂ ಫ್ಯಾಮಿಲಿ ಫೋಟೋದಲ್ಲಿ ಇದೀನಲ್ಲ ಮೇಡಂ."